ದಟ್ಟ ಕಾಡಿನಲ್ಲಿ ಎಲ್ಕ್ ಬೇಟೆ: ರೈಫಲ್ ಕ್ಯಾಲಿಬರ್ ಆರಿಸಿಕೊಳ್ಳುವ ಬಗೆ

ಒರೆಗಾನ್ ರಾಜ್ಯದ ಕರಾವಳಿ ಬೆಟ್ಟಸಾಲಿನಲ್ಲಿ ನವೆಂಬರ್ ತಿಂಗಳ ಬೆಳಗ್ಗೆ ಎಂಟು ಗಂಟೆಯಾದರೂ ಡಗ್ಲಸ್ ಫರ್ ಮರಗಳ ಬುಡಕ್ಕೆ ಬೆಳಕು ಸರಿಯಾಗಿ ಇಳಿದಿರುವುದಿಲ್ಲ. ಮಳೆ ನಿಂತ ಮೇಲೂ ಕೊಂಬೆಗಳು ತೊಟ್ಟಿಕ್ಕುತ್ತಲೇ ಇರುತ್ತವೆ. ಅಂಥ ಕಾಡಿನಲ್ಲಿ ಎಲ್ಕ್ (ಉತ್ತರ ಅಮೆರಿಕದ ದೊಡ್ಡ ಜಿಂಕೆ) ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಸಿಗುವುದುಂಟು. ದನದ ಕೊಟ್ಟಿಗೆಯ ವಾಸನೆಗೆ ಹತ್ತಿರವಾದ, ಆದರೆ ಅದಕ್ಕಿಂತ ಕಟುವಾದ ವಾಸನೆ ಅದು. ಆಮೇಲೆ ಮರಗಳ ನಡುವೆ ಒಂದು ಕಂದು ತುಣುಕು, ಅಲುಗುವ ಒಂದು ಕಿವಿ, ಕತ್ತಿನ ಕಡುಗಂದು ಕೂದಲು ಕಾಣುತ್ತದೆ. ಇಡೀ ಪ್ರಾಣಿ ಕಾಣುವುದು ಅಪರೂಪ. ದೂರ ನಲವತ್ತು ಗಜ, ಕೈಯಲ್ಲಿರುವ ಸಮಯ ಮೂರೋ ನಾಲ್ಕೋ ಸೆಕೆಂಡು. ಯಾವ ಕ್ಯಾಲಿಬರಿನ, ಅಂದರೆ ನಳಿಗೆಯ ಎಷ್ಟು ವ್ಯಾಸದ ರೈಫಲ್ ಬೇಕು ಎಂದು ಯಾರಾದರೂ ಕೇಳಿದಾಗ ನನ್ನ ಕಣ್ಣ ಮುಂದೆ ಬರುವುದು ಆ ನಾಲ್ಕು ಸೆಕೆಂಡುಗಳೇ.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನಲ್ಲಿ. ಅಜ್ಜನ ಕಾಲದ ಒಂದು ಕೇಪಿನ ಕೋವಿ ನಮ್ಮ ಜಗಲಿಯ ಗೋಡೆಯಲ್ಲಿ ನೇತಾಡುತ್ತಿತ್ತು. ಶಿಕಾರಿಯ ಕಥೆಗಳನ್ನು ಕೇಳಿದ್ದೆನೇ ಹೊರತು ಶಿಕಾರಿಯನ್ನು ಕಂಡವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಭಾರತದಲ್ಲಿ ಆ ಕಾಲವನ್ನು ಮುಗಿಸಿತು, ಮುಗಿಸಿದ್ದು ಸರಿಯೇ ಆಯಿತು ಎಂದು ನಾನು ನಂಬುತ್ತೇನೆ. ಅಮೆರಿಕದ ಪಶ್ಚಿಮ ರಾಜ್ಯಗಳ ವ್ಯವಸ್ಥೆ ಬೇರೆ. ಇಲ್ಲಿ ಪ್ರತಿ ರಾಜ್ಯದ ವನ್ಯಜೀವಿ ಇಲಾಖೆ ಹಿಂಡುಗಳ ಲೆಕ್ಕ ನೋಡಿಕೊಂಡು ಋತುವನ್ನೂ ಟ್ಯಾಗುಗಳ (ಒಂದು ಪ್ರಾಣಿಗೆ ಒಂದರಂತೆ ಕೊಡುವ ಬೇಟೆಯ ಚೀಟಿಗಳ) ಸಂಖ್ಯೆಯನ್ನೂ ಗೊತ್ತುಮಾಡುತ್ತದೆ. ಬೇಟೆಗಾರರ ಪರವಾನಗಿ ಶುಲ್ಕವೂ, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ರೈಫಲ್ ಮತ್ತು ತೋಟಾಗಳ ಮೇಲೆ ವಸೂಲಾಗುವ ಶೇಕಡಾ 11ರ ತೆರಿಗೆಯೂ ವನ್ಯಜೀವಿಗಳ ರಕ್ಷಣೆಯ ಕೆಲಸಕ್ಕೆ ಹೋಗುತ್ತವೆ. ಇಲ್ಲಿ ನೆಲೆಸಿ ಈ ಬೇಟೆಯನ್ನು ಕಲಿಯಲು ಹೊರಟಿರುವ ಕನ್ನಡಿಗರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಕ್ಯಾಲಿಬರಿನದು. ಆ ಪ್ರಶ್ನೆ ಸರದಿಯಲ್ಲಿ ಐದನೆಯದಾಗಿ ಬರಬೇಕು ಎಂಬುದು ನನ್ನ ಅಭಿಪ್ರಾಯ. ಕಾಡು, ಕಾನೂನು, ಪ್ರಾಣಿಯ ಮೈಕಟ್ಟು, ಗುಂಡಿನ ರಚನೆ, ಇಷ್ಟನ್ನು ತಿಳಿದುಕೊಂಡ ಮೇಲೆ ಕ್ಯಾಲಿಬರಿನ ಉತ್ತರ ಮುಕ್ಕಾಲು ಪಾಲು ತಾನಾಗಿ ದೊರೆಯುತ್ತದೆ.

ಮೊದಲ ಹೆಜ್ಜೆ: ನಿಮ್ಮ ಕಾಡನ್ನು ಅಳೆಯಿರಿ

ದಟ್ಟ ಕಾಡು ಎಂದರೆ ಎಲ್ಲ ಕಡೆಯೂ ಒಂದೇ ಅಲ್ಲ. ಕೊಲೊರಾಡೊ, ಮೊಂಟಾನಾ, ಐಡಹೊಗಳ ಎತ್ತರದ ಬೆಟ್ಟಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಎಂಗಲ್‌ಮನ್ ಸ್ಪ್ರೂಸ್, ಸಬ್‌ಆಲ್ಪೈನ್ ಫರ್, ಲಾಡ್ಜ್‌ಪೋಲ್ ಪೈನ್ ಮರಗಳು ಒತ್ತಾಗಿ ಬೆಳೆದು, ಬಿದ್ದ ಮರಗಳು ಅಡ್ಡಡ್ಡ ಹರಡಿಕೊಂಡಿರುತ್ತವೆ. ನೆಲದ ಮಟ್ಟದಲ್ಲಿ ಹಳು ಕಡಿಮೆ. ಕಾಂಡಗಳ ನಡುವೆ ಕಿಂಡಿಗಳಿರುತ್ತವೆ. ಬೇಟೆಯ ಋತುವಿನ ಮೊದಲ ಒಂದೆರಡು ದಿನಗಳ ಗುಂಡಿನ ಸದ್ದಿಗೆ ಬೆದರಿದ ಎಲ್ಕ್‌ಗಳು ಹುಲ್ಲುಗಾವಲು ಬಿಟ್ಟು ಬಂದು ಸೇರಿಕೊಳ್ಳುವುದು ಇಂಥ ಕತ್ತಲ ಕಾಡನ್ನು. ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಕರಾವಳಿಯ ಮಳೆಕಾಡು ಇದಕ್ಕಿಂತ ಬೇರೆ. ಅಲ್ಲಿ ವೈನ್ ಮೇಪಲ್, ಸ್ಯಾಲ್ಮನ್‌ಬೆರಿ, ಸಲಾಲ್, ಎದೆಯೆತ್ತರದ ಜರಿಗಿಡಗಳು ನಮ್ಮ ಮಲೆನಾಡಿನ ಜಿಗ್ಗನ್ನು ನೆನಪಿಸುವಷ್ಟು ದಟ್ಟವಾಗಿರುತ್ತವೆ. ಇಪ್ಪತ್ತೈದು ಗಜದಾಚೆ ಏನೂ ಕಾಣದ ಜಾಗಗಳೇ ಹೆಚ್ಚು.

ಋತು ಆರಂಭವಾಗುವ ಎರಡು ತಿಂಗಳ ಮೊದಲು ನೀವು ಬೇಟೆಯಾಡಲಿರುವ ಕಾಡಿಗೆ ಒಮ್ಮೆ ಹೋಗಿ, ಎಲ್ಕ್‌ಗಳ ಓಡಾಟದ ಜಾಡು ಹಿಡಿದು ನಡೆಯಿರಿ. ಪ್ರತಿ ನೂರು ಹೆಜ್ಜೆಗೊಮ್ಮೆ ನಿಂತು, ಎದುರಿಗೆ ಒಂದು ಪ್ರಾಣಿಯ ಎದೆಯಷ್ಟು ಜಾಗ ಅಡ್ಡಿಯಿಲ್ಲದೆ ಕಾಣುವ ಅತಿ ದೂರದ ಸ್ಥಳ ಯಾವುದೆಂದು ನೋಡಿ, ಆ ದೂರವನ್ನು ಬರೆದುಕೊಳ್ಳಿ. ಇಂಥ ಮೂವತ್ತು ಅಳತೆಗಳಾದರೆ ಸಾಕು, ನಿಮ್ಮ ಬೇಟೆಯ ನಿಜವಾದ ದೂರ ನಿಮಗೆ ತಿಳಿಯುತ್ತದೆ. ನಾನು ಓಡಾಡುವ ಕಣಿವೆಯಲ್ಲಿ ಹೆಚ್ಚಿನ ಅಳತೆಗಳು ಮೂವತ್ತರಿಂದ ಎಪ್ಪತ್ತು ಗಜದೊಳಗೇ ಬಂದವು. ಆದರೆ ಅದೇ ಕಾಡಿನ ಮಗ್ಗುಲಲ್ಲಿ ಮರದ ಕಂಪನಿಗಳು ಬೋಳಾಗಿ ಕಡಿದ ಗುಡ್ಡಗಳಿವೆ, ಅಲ್ಲಿ ಒಂದೇ ಸಲಕ್ಕೆ ದೃಷ್ಟಿ ಇನ್ನೂರೈವತ್ತು ಗಜಕ್ಕೆ ತೆರೆದುಕೊಳ್ಳುತ್ತದೆ. ನಿಮ್ಮ ದಾರಿ ಅಂಥ ಬಯಲನ್ನು ಹಾದು ಹೋಗುವುದಾದರೆ ನೂರು ಗಜಕ್ಕೆ ಮಾತ್ರ ತಕ್ಕುದಾದ ರೈಫಲ್ ನಿಮಗೆ ಸಾಲದು. ಈ ಒಂದು ಸಂಗತಿ ಮುಂದಿನ ಎಷ್ಟೋ ಚರ್ಚೆಯನ್ನು ಉಳಿಸುತ್ತದೆ.

ಎರಡನೆಯ ಹೆಜ್ಜೆ: ಕಾನೂನು ಎಳೆದ ಗೆರೆ

ಕೊಲೊರಾಡೊದಲ್ಲಿ ಎಲ್ಕ್ ಬೇಟೆಗೆ ಕನಿಷ್ಠ .24 ಕ್ಯಾಲಿಬರ್, ಅಂದರೆ 6 ಮಿಲಿಮೀಟರ್ ವ್ಯಾಸದ ರೈಫಲ್ ಬೇಕು. ಗುಂಡು ಒಳಗೆ ಹೋದಾಗ ಅರಳುವಂಥದ್ದಾಗಿರಬೇಕು, ತೂಕ 85 ಗ್ರೇನ್‌ಗಿಂತ (ಸುಮಾರು 5.5 ಗ್ರಾಂ) ಕಡಿಮೆಯಿರಬಾರದು, ನೂರು ಗಜ ದೂರದಲ್ಲಿ ಅದರ ಶಕ್ತಿ 1,000 ಅಡಿ-ಪೌಂಡ್ ಇರಬೇಕು. ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳೂ ಎಲ್ಕ್‌ಗೆ .24 ಕ್ಯಾಲಿಬರಿನ ಗೆರೆಯನ್ನೇ ಇಟ್ಟುಕೊಂಡಿವೆ. ಐಡಹೊದಲ್ಲಿ ರೈಫಲಿನ ತೂಕ 16 ಪೌಂಡ್ ಮೀರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷ ಇಲಾಖೆ ಪ್ರಕಟಿಸುವ ಪುಸ್ತಿಕೆಯನ್ನು ಓದದೆ ತೋಟಾ ಕೊಳ್ಳಬೇಡಿ. ಕಾನೂನಿನ ಕನಿಷ್ಠ ಮಿತಿ ಕೇವಲ ಮಿತಿ. 6 ಮಿಲಿಮೀಟರ್ ರೈಫಲ್ ಹಿಡಿದು ದಟ್ಟ ಕಾಡಿಗೆ ಎಲ್ಕ್ ಹುಡುಕಿಕೊಂಡು ಹೋಗಿ ಎಂದು ನಾನು ಯಾರಿಗೂ ಹೇಳಲಾರೆ.

ನಮ್ಮವರಿಗೆ ಮುಖ್ಯವಾದ ಇನ್ನೊಂದು ವಿಷಯವಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ಇದರಲ್ಲಿ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ರಾಜ್ಯಗಳು ಇದರ ಮೇಲೆ ತಮ್ಮದೇ ನಿಯಮಗಳನ್ನು ಸೇರಿಸಿರುವುದರಿಂದ, ತಾತ್ಕಾಲಿಕ ವೀಸಾದಲ್ಲಿರುವವರು ಗೆಳೆಯನ ರೈಫಲನ್ನು ಗುರಿಯಂಗಳದಲ್ಲಿ ಕೈಗೆತ್ತಿಕೊಳ್ಳುವ ಮೊದಲೇ ವಕೀಲರನ್ನು ಕೇಳುವುದು ಕ್ಷೇಮ. ಬೇಟೆಗಾರರ ಶಿಕ್ಷಣದ ಪ್ರಮಾಣಪತ್ರವೂ ಬೇಕು. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಅದು ಕಡ್ಡಾಯ.

ಮೂರನೆಯ ಹೆಜ್ಜೆ: ಎಲ್ಕ್‌ನ ಮೈಕಟ್ಟನ್ನು ತಿಳಿಯಿರಿ

ಎಲ್ಕ್ ನಮ್ಮ ಕಡವೆಯ ದೂರದ ನಂಟ. ರಾಕಿ ಪರ್ವತದ ಬೆಳೆದ ಗಂಡು ಸುಮಾರು 320 ಕಿಲೋ, ಹೆಣ್ಣು ಸುಮಾರು 225 ಕಿಲೋ ತೂಗುತ್ತದೆ. ಕರಾವಳಿಯ ರೂಸ್‌ವೆಲ್ಟ್ ಎಲ್ಕ್ ಇನ್ನೂ ದೊಡ್ಡದು, ಗಂಡು 400 ಕಿಲೋ ದಾಟುವುದುಂಟು. ಅಂದಿನ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ 1909ರಲ್ಲಿ ವಾಷಿಂಗ್ಟನ್ ರಾಜ್ಯದ ಮೌಂಟ್ ಒಲಿಂಪಸ್ ರಾಷ್ಟ್ರೀಯ ಸ್ಮಾರಕವನ್ನು ಘೋಷಿಸಿದ್ದಕ್ಕೆ ಈ ಪ್ರಾಣಿಯನ್ನು ಉಳಿಸಬೇಕೆಂಬುದು ಒಂದು ಮುಖ್ಯ ಕಾರಣವಾಗಿತ್ತು. ಅದೇ ಮುಂದೆ ಒಲಿಂಪಿಕ್ ರಾಷ್ಟ್ರೀಯ ಉದ್ಯಾನವಾಯಿತು. ಅದರೊಳಗೆ ಇಂದಿಗೂ ಬೇಟೆಯಿಲ್ಲ.

ಹೃದಯ ಎದೆಯ ಕೆಳಭಾಗದಲ್ಲಿ, ಮುಂಗಾಲಿನ ನೇರಕ್ಕೆ ಕೂತಿದೆ. ಅದರ ಮೇಲೂ ಹಿಂದೂ ಶ್ವಾಸಕೋಶಗಳು. ಎರಡೂ ಸೇರಿ ಒಂದು ಅಡಿಗಿಂತ ಸ್ವಲ್ಪ ಅಗಲವಾದ ಗುರಿ. ಬಯಲಿನಲ್ಲಿ ಪ್ರಾಣಿ ಪೂರ್ತಿ ಅಡ್ಡ ತಿರುಗುವವರೆಗೆ ಕಾಯಬಹುದು. ಕಾಡಿನಲ್ಲಿ ಅದು ಓರೆಯಾಗಿ ನಿಂತಿರುತ್ತದೆ, ಅರ್ಧ ಮೈ ಮರದ ಹಿಂದಿರುತ್ತದೆ, ತೆರೆದ ಕಿಂಡಿಯಲ್ಲಿ ಕಾಣುವುದು ಹೆಗಲು ಮಾತ್ರ. ಆ ಹೆಗಲಿನಲ್ಲಿ ದಪ್ಪ ಎಲುಬು, ಒದ್ದೆ ಕೂದಲು, ಕೆಸರು ಮೆತ್ತಿದ ತೊಗಲು, ಗಟ್ಟಿ ಮಾಂಸಖಂಡ ಎಲ್ಲವೂ ಇವೆ. ಗುಂಡು ಇವೆಲ್ಲವನ್ನೂ ದಾಟಿ ಶ್ವಾಸಕೋಶಗಳನ್ನು ಮುಟ್ಟಬೇಕು, ಸಾಧ್ಯವಾದರೆ ಆಚೆ ಬದಿಯಿಂದ ಹೊರಬೀಳಬೇಕು.

ಹೊರಬೀಳಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎರಡೂ ಶ್ವಾಸಕೋಶಗಳಿಗೆ ಸರಿಯಾಗಿ ಏಟು ಬಿದ್ದ ಎಲ್ಕ್ ಕೂಡ ನೂರು ಗಜ ಓಡಬಲ್ಲದು, ಮತ್ತು ದಟ್ಟ ಕಾಡಿನಲ್ಲಿ ಅದು ಇಪ್ಪತ್ತು ಹೆಜ್ಜೆಗೇ ಕಣ್ಮರೆಯಾಗುತ್ತದೆ. ಆಮೇಲೆ ಉಳಿಯುವುದು ರಕ್ತದ ಜಾಡು ಮಾತ್ರ. ಒಳಹೊಕ್ಕ ತೂತು ಚಿಕ್ಕದು, ಕೂದಲು ಅದನ್ನು ಮುಚ್ಚಿಬಿಡುತ್ತದೆ; ಎದೆಯ ಮೇಲ್ಭಾಗಕ್ಕೆ ಬಿದ್ದ ಏಟಿನ ರಕ್ತ ಒಳಗೇ ತುಂಬಿಕೊಳ್ಳುತ್ತದೆ. ಆಚೆ ಬದಿಯಲ್ಲಿ ದೊಡ್ಡ ತೂತು ಇದ್ದರೆ ಜರಿಗಿಡಗಳ ಮೇಲೆ ಸೊಂಟದೆತ್ತರಕ್ಕೆ ಕೆಂಪು ಹಚ್ಚಿಕೊಂಡು ಹೋಗಿರುತ್ತದೆ, ಮಳೆ ಬಂದು ತೊಳೆಯುವ ಮೊದಲು ಅದನ್ನು ಹಿಡಿದು ಹೋಗಬಹುದು.

ನಾಲ್ಕನೆಯ ಹೆಜ್ಜೆ: ಮೊದಲು ಗುಂಡನ್ನು ಆರಿಸಿ

ಈ ಬೇಟೆಗೆ ಇಳಿದ ಎರಡನೆಯ ವರ್ಷ ನಾನು .300 ಮ್ಯಾಗ್ನಮ್ ರೈಫಲ್ ಒಯ್ದಿದ್ದೆ. ಶಕ್ತಿ ಹೆಚ್ಚಿದ್ದರೆ ಒಳ್ಳೆಯದು ಎಂದು ನಂಬಿದ್ದ ಕಾಲ. ತೋಟಾದಲ್ಲಿದ್ದದ್ದು ಜಿಂಕೆಗೆಂದು ತಯಾರಾದ, ತೆಳು ತಾಮ್ರದ ಹೊದಿಕೆಯ ಮೆತ್ತನೆ ಸೀಸದ ಗುಂಡು. ಮೂವತ್ತೈದು ಗಜದಲ್ಲಿ ಒಂದು ಹೆಣ್ಣು ಎಲ್ಕ್‌ನ ಹೆಗಲಿಗೆ ಈಡು ಮಾಡಿದೆ. ಅದು ಕುಸಿಯಿತು, ಎದ್ದಿತು, ಹೋಯಿತು. ಒಂದು ಹನಿ ರಕ್ತ ಕಾಣಲು ನಲವತ್ತು ನಿಮಿಷ ಹುಡುಕಬೇಕಾಯಿತು, ಪ್ರಾಣಿ ಸಿಗಲು ಐದು ಗಂಟೆ ಹಿಡಿಯಿತು. ಕೊನೆಗೆ ಎರಡನೆಯ ಈಡಿನಿಂದ ಅದನ್ನು ಮುಗಿಸಿದೆ. ಚರ್ಮ ಸುಲಿದು ನೋಡಿದಾಗ ಹೆಗಲಿನ ಮೇಲೆ ಅಂಗೈಯಗಲದ ಹಳ್ಳ, ಅದರಲ್ಲಿ ಎಲುಬಿನ ಚೂರು, ಸಾಸಿವೆಕಾಳಿನಂಥ ಸೀಸದ ಹರಳುಗಳು, ಒಳಗಿದ್ದದ್ದೆಲ್ಲ ಖಾಲಿಯಾಗಿ ಮುದುಡಿದ ತಾಮ್ರದ ಸಿಪ್ಪೆ. ಶ್ವಾಸಕೋಶವನ್ನು ತಲುಪಿದ್ದದ್ದು ಒಂದೆರಡು ಚೂರು ಮಾತ್ರ. ಆ ಐದು ಗಂಟೆ ಆ ಪ್ರಾಣಿ ಪಟ್ಟ ನೋವಿಗೆ ನನ್ನ ಆಯ್ಕೆಯೇ ಕಾರಣ. ಈ ಬರಹವನ್ನು ಬರೆಯಲು ಹೊರಟದ್ದೂ ಅದರಿಂದಲೇ.

ಆಗ ನನಗೆ ಗೊತ್ತಿಲ್ಲದಿದ್ದದ್ದು ಇಷ್ಟು. ಗುಂಡಿನ ವೇಗ ಅತಿ ಹೆಚ್ಚಾಗಿರುವುದು ನಳಿಗೆಯ ಬಾಯಲ್ಲಿ. ಹತ್ತಿರದ ಗುರಿಗೆ ಅದು ಹೆಚ್ಚುಕಡಿಮೆ ಅದೇ ವೇಗದಲ್ಲಿ ಬಡಿಯುತ್ತದೆ. ಮುನ್ನೂರು ಗಜದಲ್ಲಿ ಹದವಾಗಿ ಅರಳುವ ಮೆತ್ತನೆಯ ಗುಂಡು ಮೂವತ್ತು ಗಜದಲ್ಲಿ ಎಲುಬಿಗೆ ತಾಗಿದರೆ ಒಡೆದು ಪುಡಿಯಾಗುತ್ತದೆ. ಕಾಡಿನ ಬೇಟೆಯಲ್ಲಿ ಹೆಚ್ಚಿನ ಏಟುಗಳು ಹತ್ತಿರದವು, ಹೆಚ್ಚಿನವು ಎಲುಬಿಗೆ ತಾಗುವಂಥವು. ಆದ್ದರಿಂದ ಕಾಡಿಗೆ ಬೇಕಾದದ್ದು ಅರಳಿದ ಮೇಲೂ ತನ್ನ ತೂಕವನ್ನು ಕಳೆದುಕೊಳ್ಳದೆ ಮುಂದುವರಿಯುವ ಗುಂಡು.

ಅಂಥವು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನಡುವೆ ತಾಮ್ರದ ಅಡ್ಡಗೋಡೆ ಇರುವಂಥದ್ದು: ಮುಂಭಾಗ ಅರಳುತ್ತದೆ, ಗೋಡೆಯ ಹಿಂದಿನ ಅರ್ಧ ಹಾಗೇ ಉಳಿದು ಒಳಕ್ಕೆ ನುಗ್ಗುತ್ತದೆ. ಜಾನ್ ನಾಸ್ಲರ್ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ಮೆತ್ತಿಕೊಂಡಿದ್ದ ಒಂದು ಮೂಸ್‌ಗೆ (ಎಲ್ಕ್‌ಗಿಂತ ದೊಡ್ಡ ಜಿಂಕೆ) ಹೊಡೆದ ಗುಂಡುಗಳು ಒಳಹೋಗದೆ ಸೋತದ್ದನ್ನು ಕಂಡು ಈ ರಚನೆಯನ್ನು ಕಂಡುಹಿಡಿದರು. ನಾಸ್ಲರ್ ಪಾರ್ಟಿಶನ್ ಎಂದು ಇಂದಿಗೂ ಅದು ಮಾರಾಟದಲ್ಲಿದೆ. ಎರಡನೆಯದು ಸೀಸವನ್ನು ತಾಮ್ರದ ಹೊದಿಕೆಗೆ ಬೆಸೆದಿರುವ ಗುಂಡು. ಮೂರನೆಯದು ಸೀಸವೇ ಇಲ್ಲದೆ ಪೂರ್ತಿ ತಾಮ್ರದಲ್ಲಿ ಮಾಡಿದ್ದು. ಬಾರ್ನ್ಸ್ ಕಂಪನಿಯ ಟಿಎಸ್ಎಕ್ಸ್ ಇದಕ್ಕೆ ಹೆಸರಾದ ಉದಾಹರಣೆ. ಇದು ನಾಲ್ಕು ದಳಗಳಾಗಿ ಬಿಚ್ಚಿಕೊಂಡು ತೂಕವನ್ನು ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಳ್ಳುತ್ತದೆ. ಮಾಂಸದಲ್ಲಿ ಸೀಸದ ಚೂರು ಸೇರುವ ಭಯವಿಲ್ಲ. ಬೇಟೆಗಾರರು ಬಿಟ್ಟುಹೋದ ಕರುಳನ್ನು ತಿನ್ನುವ ಹದ್ದುಗಳಿಗೂ ವಿಷವಾಗುವುದಿಲ್ಲ. ಮನೆಯಲ್ಲಿ ಮಕ್ಕಳು ಈ ಮಾಂಸ ತಿನ್ನುತ್ತಾರೆ ಎಂಬ ಕಾರಣಕ್ಕೆ ನಾನು ಈಗ ತಾಮ್ರದ ಗುಂಡನ್ನು ಮಾತ್ರ ಬಳಸುತ್ತೇನೆ.

ಐದನೆಯ ಹೆಜ್ಜೆ: ಈಗ ಕ್ಯಾಲಿಬರ್

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಕ್ಯಾಲಿಬರ್ ಎಂದರೆ ನಳಿಗೆಯ ಅಥವಾ ಗುಂಡಿನ ವ್ಯಾಸ, ಇಂಚಿನ ಲೆಕ್ಕದಲ್ಲಿ. ಆದರೆ ತೋಟಾದ ಹೆಸರು ಕೇವಲ ವ್ಯಾಸವನ್ನು ಹೇಳುವುದಿಲ್ಲ. .30-06ರಲ್ಲಿ 06 ಎಂದರೆ ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ 1906ನೆಯ ಇಸವಿ; .45-70ರಲ್ಲಿ 70 ಎಂದರೆ ಅದರಲ್ಲಿ ತುಂಬುತ್ತಿದ್ದ ಕಪ್ಪು ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ; .270 ತೋಟಾದ ಗುಂಡಿನ ವ್ಯಾಸ ನಿಜವಾಗಿ .277 ಇಂಚು. .308, .30-06, .300 ವಿಂಚೆಸ್ಟರ್ ಮ್ಯಾಗ್ನಮ್ ಮೂರರಲ್ಲೂ ಗುಂಡಿನ ವ್ಯಾಸ ಒಂದೇ, .308 ಇಂಚು. ಬೇರೆಯಾಗುವುದು ಹಿಂದಿರುವ ಮದ್ದಿನ ಪ್ರಮಾಣ ಮತ್ತು ಅದರಿಂದ ಬರುವ ವೇಗ. ಗ್ರೇನ್ ಎಂಬುದು ತೂಕದ ಅಳತೆ. 7,000 ಗ್ರೇನ್‌ಗೆ ಒಂದು ಪೌಂಡ್, 180 ಗ್ರೇನ್ ಎಂದರೆ ಸುಮಾರು 11.7 ಗ್ರಾಂ.

ಹೊಸಬರಿಗೆ ನಾನು ಮೊದಲು ಹೇಳುವುದು .308 ವಿಂಚೆಸ್ಟರ್ ಅಥವಾ .30-06 ಸ್ಪ್ರಿಂಗ್‌ಫೀಲ್ಡ್. 180 ಗ್ರೇನ್ ಗುಂಡಿಗೆ .308 ಸೆಕೆಂಡಿಗೆ ಸುಮಾರು 2,620 ಅಡಿ ವೇಗ ಕೊಡುತ್ತದೆ, .30-06 ಸುಮಾರು 2,700 ಅಡಿ. ಕಾಡಿನ ದೂರದಲ್ಲಿ ಎಲ್ಕ್‌ಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. .308ರ ತೋಟಾ ಗಿಡ್ಡವಾದ್ದರಿಂದ ರೈಫಲಿನ ಯಂತ್ರಭಾಗವೂ ಗಿಡ್ಡ, ತೂಕವೂ ಸ್ವಲ್ಪ ಕಡಿಮೆ, ಇಪ್ಪತ್ತು ಇಂಚಿನ ನಳಿಗೆಯಲ್ಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. .30-06ಕ್ಕೆ 200, 220 ಗ್ರೇನ್‌ಗಳ ಭಾರದ ಗುಂಡು ಸಲೀಸು. ಎರಡರ ತೋಟಾಗಳೂ ಎಲ್ಕ್ ಸೀಮೆಯ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಇನ್ನೂರು ಮೈಲಿ ದೂರದ ಊರಿಗೆ ಹೋಗಿ ತೋಟಾದ ಚೀಲ ಮನೆಯಲ್ಲೇ ಉಳಿದದ್ದು ಗೊತ್ತಾದಾಗ ಇದರ ಬೆಲೆ ತಿಳಿಯುತ್ತದೆ.

ರೈಫಲ್ ಹೆಗಲಿಗೆ ಕೊಡುವ ಒದೆತ ತಾಳದವರಿಗೆ, ಮೈ ಹಗುರವಿರುವವರಿಗೆ 7ಎಂಎಂ-08 ರೆಮಿಂಗ್ಟನ್ ಬಹಳ ಒಳ್ಳೆಯದು. 140 ಗ್ರೇನ್‌ನ ತಾಮ್ರದ ಅಥವಾ ಅಡ್ಡಗೋಡೆಯ ಗುಂಡು ಹಾಕಿದರೆ ಅದು ಎಲ್ಕ್‌ನ ಎದೆಯನ್ನು ದಾಟುತ್ತದೆ. 1925ರಿಂದ ಬಳಕೆಯಲ್ಲಿರುವ .270 ವಿಂಚೆಸ್ಟರ್ ಬಗ್ಗೆಯೂ ಇದೇ ಮಾತು, 150 ಗ್ರೇನ್ ಗುಂಡಿನೊಂದಿಗೆ. 6.5 ಕ್ರೀಡ್‌ಮೋರ್ ಈಗ ಬಹಳ ಜನಪ್ರಿಯ. ಅಡ್ಡ ನಿಂತ ಪ್ರಾಣಿಗೆ ಅದು ಸಾಕು, ಆದರೆ ಕಾಡಿನ ಓರೆಯಾದ ಏಟಿಗೆ, ಚಿಕ್ಕ ತೂತಿನ ತೆಳು ರಕ್ತದ ಜಾಡಿಗೆ ಅದನ್ನು ನಾನು ಮೊದಲ ಆಯ್ಕೆಯಾಗಿ ಹೇಳಲಾರೆ.

ಕಾಡಿಗೇ ಹೇಳಿ ಮಾಡಿಸಿದಂಥವು .338 ಫೆಡರಲ್, .358 ವಿಂಚೆಸ್ಟರ್, .35 ವೀಲೆನ್. ಇವು .308 ಮತ್ತು .30-06 ತೋಟಾಗಳ ಕುತ್ತಿಗೆಯನ್ನೇ ಅಗಲಿಸಿ ದಪ್ಪನೆಯ ಗುಂಡು ಕೂರಿಸಿದಂಥವು. 200ರಿಂದ 250 ಗ್ರೇನ್‌ನ ಗುಂಡು ಹದವಾದ ವೇಗದಲ್ಲಿ ಹೋಗುವುದರಿಂದ ಹತ್ತಿರದಲ್ಲಿ ಒಡೆಯುವುದು ಕಡಿಮೆ, ತೂತು ದೊಡ್ಡದು, ಒದೆತ ಮ್ಯಾಗ್ನಮ್‌ನಷ್ಟಿಲ್ಲ. ತೊಂದರೆ ಒಂದೇ, ತೋಟಾ ಎಲ್ಲ ಕಡೆ ಸಿಗುವುದಿಲ್ಲ. ವರ್ಷಕ್ಕೆ ಬೇಕಾದಷ್ಟನ್ನು ಮೊದಲೇ ತರಿಸಿಟ್ಟುಕೊಳ್ಳಬಲ್ಲವರು ಇವನ್ನು ನಿಶ್ಚಿಂತೆಯಿಂದ ಆರಿಸಬಹುದು.

1873ರಷ್ಟು ಹಳೆಯ .45-70 ಇಂದಿಗೂ ಲಿವರ್ ರೈಫಲ್‌ಗಳಲ್ಲಿ (ಟ್ರಿಗರ್ ಬಳಿಯ ಹಿಡಿಯನ್ನು ಕೆಳಗೆ ಎಳೆದು ತೋಟಾ ಏರಿಸುವಂಥವು) ಬದುಕಿದೆ. ನೂರು, ನೂರಿಪ್ಪತ್ತು ಗಜದೊಳಗೆ ಅದರ ಭಾರದ ಗುಂಡು ಎಲ್ಕ್ ಅನ್ನು ಉದ್ದಕ್ಕೂ ಸೀಳಬಲ್ಲದು. ಅದರಾಚೆ ಗುಂಡು ವೇಗವಾಗಿ ಕೆಳಗಿಳಿಯುತ್ತದೆ. ಹಳೆಯ ರೈಫಲ್‌ಗಳಿಗೆಂದು ಕಡಿಮೆ ಒತ್ತಡದ ತೋಟಾ, ಹೊಸ ಗಟ್ಟಿ ರೈಫಲ್‌ಗಳಿಗೆಂದು ಹೆಚ್ಚು ಒತ್ತಡದ ತೋಟಾ ಎರಡೂ ಮಾರಾಟದಲ್ಲಿರುವುದರಿಂದ ಪೆಟ್ಟಿಗೆಯ ಮೇಲಿನ ಎಚ್ಚರಿಕೆಯನ್ನು ಓದಿಯೇ ಕೊಳ್ಳಿ, ಅದಲುಬದಲಾದರೆ ಜೀವಕ್ಕೆ ಅಪಾಯ. .30-30 ವಿಂಚೆಸ್ಟರ್ ಲಕ್ಷಾಂತರ ಮನೆಗಳಲ್ಲಿದೆ. 170 ಗ್ರೇನ್ ಗುಂಡು ನೂರು ಗಜದಲ್ಲಿ ಸುಮಾರು 1,350 ಅಡಿ-ಪೌಂಡ್ ಶಕ್ತಿ ಉಳಿಸಿಕೊಂಡಿರುತ್ತದೆ. ಎಪ್ಪತ್ತು ಗಜದೊಳಗೆ, ಅಡ್ಡ ನಿಂತ ಪ್ರಾಣಿಗೆ ಮಾತ್ರ ಹೊಡೆಯುವ ತಾಳ್ಮೆ ಇದ್ದವರಿಗೆ ಅದು ಸಾಕು, ಉಳಿದವರಿಗೆ ಸಾಲದು. ಈ ಲಿವರ್ ರೈಫಲ್‌ಗಳಲ್ಲಿ ಹೆಚ್ಚಿನವು ತೋಟಾಗಳನ್ನು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದನ್ನು ಇಡುತ್ತವೆ. ಚೂಪು ಮೂತಿಯ ಗುಂಡು ಮುಂದಿನ ತೋಟಾದ ಕೇಪನ್ನು ಚುಚ್ಚಿ ಸಿಡಿಸಬಲ್ಲದು. ಆದ್ದರಿಂದ ಚಪ್ಪಟೆ ಮೂತಿಯ ಗುಂಡು, ಅಥವಾ ಮೆತ್ತನೆಯ ರಬ್ಬರಿನಂಥ ತುದಿಯಿರುವ ಹಾರ್ನಡಿ ಲೆವರ್‌ಎವಲ್ಯೂಶನ್ ಬಗೆಯ ಗುಂಡು ಮಾತ್ರ ಅಲ್ಲಿ ಸಲ್ಲುತ್ತದೆ.

.300 ವಿಂಚೆಸ್ಟರ್ ಮ್ಯಾಗ್ನಮ್, .338 ವಿಂಚೆಸ್ಟರ್ ಮ್ಯಾಗ್ನಮ್ ಎರಡೂ ಎಲ್ಕ್‌ಗೆ ಹೆಸರಾದವೇ. ಬೋಳುಗುಡ್ಡದ ದೂರದ ಏಟೂ ನಿಮ್ಮ ಲೆಕ್ಕದಲ್ಲಿದ್ದರೆ, ಒದೆತವನ್ನು ತಾಳಿ ಅಭ್ಯಾಸ ಮಾಡಬಲ್ಲಿರಾದರೆ ಬಳಸಬಹುದು. ಕಾಡಿನೊಳಗೆ ಮಾತ್ರ ಅವುಗಳ ಹೆಚ್ಚಿನ ವೇಗದಿಂದ ಸಿಗುವ ಲಾಭ ಏನೂ ಇಲ್ಲ. ಗಟ್ಟಿ ಗುಂಡು ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಆಗಲೇ ಹೇಳಿದ್ದೇನೆ.

ಪೊದೆ ಸೀಳಿಕೊಂಡು ಹೋಗುವ ಗುಂಡು ಎಂಬ ನಂಬಿಕೆ

ದಪ್ಪನೆಯ, ನಿಧಾನದ, ಬೋಳು ಮೂತಿಯ ಗುಂಡು ಕೊಂಬೆರೆಂಬೆಗಳನ್ನು ಲೆಕ್ಕಿಸದೆ ನೇರ ಹೋಗುತ್ತದೆ ಎಂಬ ಮಾತು ಇಲ್ಲಿಯ ಹಳೆಯ ಬೇಟೆಗಾರರ ಬಾಯಲ್ಲಿ ಇನ್ನೂ ಇದೆ. ಇದನ್ನು ಪರೀಕ್ಷಿಸಲು ಒಂದು ಭಾನುವಾರ ನಾನೂ ನನ್ನ ಗೆಳೆಯನೂ ಹೆಬ್ಬೆರಳು ಗಾತ್ರದ ಆಲ್ಡರ್ ಕೋಲುಗಳನ್ನು ಒತ್ತಾಗಿ ನೆಟ್ಟು, ಹಿಂದೆ ಕಾಗದದ ಗುರಿ ಕಟ್ಟಿ ಹೊಡೆದು ನೋಡಿದೆವು. ನನ್ನ .308ರಲ್ಲಿ 180 ಗ್ರೇನ್, ಅವನ .45-70ರಲ್ಲಿ 405 ಗ್ರೇನ್. ಕೋಲುಗಳು ಗುರಿಯಿಂದ ಒಂದು ಗಜ ಮುಂದಿದ್ದಾಗ ಎರಡೂ ಹೆಚ್ಚೇನೂ ತಪ್ಪಲಿಲ್ಲ. ಹತ್ತು ಗಜ ಮುಂದಿಟ್ಟಾಗ ಕೋಲಿಗೆ ತಾಗಿದ ಎರಡೂ ಗುಂಡುಗಳು ಗೇಣುದ್ದ ದಾರಿ ತಪ್ಪಿದ್ದವು. ಅವನ ಗುಂಡಿನ ಒಂದು ತೂತು ಉದ್ದಕ್ಕೆ ಸೀಳಿತ್ತು, ಅಂದರೆ ಆ ಭಾರದ ಗುಂಡೂ ಮಗುಚಿ ಅಡ್ಡಡ್ಡ ಹೋಗಿ ಬಡಿದಿತ್ತು. ಗೇಣುದ್ದ ತಪ್ಪುವುದೆಂದರೆ ಶ್ವಾಸಕೋಶದ ಬದಲು ಹೊಟ್ಟೆಗೆ ಬೀಳುವುದು. ಭಾರದ ಗುಂಡು ಒಂದಿಷ್ಟು ಕಡಿಮೆ ತಪ್ಪಬಹುದು, ಆದರೆ ಆ ಭರವಸೆಯ ಮೇಲೆ ಯಾವ ಪ್ರಾಣಿಯ ಮೇಲೂ ಗುಂಡು ಹಾರಿಸಬಾರದು. ತೆರೆದ ಕಿಂಡಿ ಸಿಗುವವರೆಗೆ ಕಾಯಿರಿ; ಸಿಗದಿದ್ದರೆ ರೈಫಲ್ ಇಳಿಸಿ. ರೈಫಲಿನ ಮೇಲೆ ಕೂರಿಸುವ ದುರ್ಬೀನಿನಲ್ಲಿ, ಅಂದರೆ ಸ್ಕೋಪಿನಲ್ಲಿ, ಹತ್ತಿರದ ರೆಂಬೆಗಳು ಮಸುಕಾಗಿ ಮಾಯವಾಗುತ್ತವೆ ಎಂಬುದನ್ನೂ ನೆನಪಿಡಿ, ಸ್ಕೋಪಿನ ಪಕ್ಕದಿಂದ ಒಮ್ಮೆ ಬರಿಗಣ್ಣಲ್ಲಿ ನೋಡಿಯೇ ಟ್ರಿಗರ್ ಮುಟ್ಟಿ.

ಆರನೆಯ ಹೆಜ್ಜೆ: ನಿಮ್ಮ ಹೆಗಲನ್ನು ಕೇಳಿ

ಎಂಟು ಪೌಂಡ್ ತೂಕದ ರೈಫಲಿನಲ್ಲಿ 7ಎಂಎಂ-08 ಸುಮಾರು 13 ಅಡಿ-ಪೌಂಡ್‌ನಷ್ಟು ಒದೆಯುತ್ತದೆ, .308 ಸುಮಾರು 17, .30-06 ಸುಮಾರು 20, .300 ಮ್ಯಾಗ್ನಮ್ 26ರ ಆಸುಪಾಸು, .338 ಮ್ಯಾಗ್ನಮ್ 30ನ್ನು ದಾಟುತ್ತದೆ. ಇಪ್ಪತ್ತರ ಮೇಲೆ ಹೋದಂತೆ ಹೆಚ್ಚಿನವರಿಗೆ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುವ, ಹೆಗಲು ಕುಗ್ಗಿಸುವ ಅಭ್ಯಾಸ ಅಂಟಿಕೊಳ್ಳುತ್ತದೆ. ನಿಮಗೆ ಅದು ಅಂಟಿದೆಯೇ ಎಂದು ನೋಡಲು ಸುಲಭದ ದಾರಿಯಿದೆ: ಗುರಿಯಂಗಳದಲ್ಲಿ ಗೆಳೆಯನ ಕೈಗೆ ರೈಫಲ್ ಕೊಟ್ಟು, ತುಂಬಿದ ತೋಟಾ ಇದೆಯೋ ಖಾಲಿ ತೋಟಾ ಇದೆಯೋ ನಿಮಗೆ ಗೊತ್ತಾಗದಂತೆ ಚೇಂಬರಿಗೆ (ನಳಿಗೆಯ ಹಿಂದೆ ತೋಟಾ ಕೂರುವ ಜಾಗಕ್ಕೆ) ಹಾಕಿಕೊಡಲು ಹೇಳಿ. ಖಾಲಿ ಇದ್ದಾಗಲೂ ನಳಿಗೆಯ ತುದಿ ಕೆಳಕ್ಕೆ ಜಗ್ಗಿದರೆ ಆ ಕ್ಯಾಲಿಬರ್ ನಿಮಗೆ ಹೆಚ್ಚಾಯಿತು. ನಳಿಗೆಯ ತುದಿಗೆ ಬ್ರೇಕ್ ಹಾಕಿಸಿ ಒದೆತ ತಗ್ಗಿಸಬಹುದು ನಿಜ. ಆದರೆ ಅದರ ಸದ್ದು ಬೇಟೆಗಾರನ ಕಿವಿಯತ್ತಲೇ ತಿರುಗುತ್ತದೆ, ಕಾಡಿನಲ್ಲಿ ಕಿವಿಮುಚ್ಚಿಗೆಯಿಲ್ಲದೆ ಒಂದು ಈಡೂ ಶ್ರವಣಕ್ಕೆ ಹಾನಿ ಮಾಡಬಲ್ಲದು.

ಏಳನೆಯ ಹೆಜ್ಜೆ: ರೈಫಲ್ ಮತ್ತು ಸ್ಕೋಪ್

ಕ್ಯಾಲಿಬರ್ ಗೊತ್ತಾದ ಮೇಲೆ ನಳಿಗೆ 20ರಿಂದ 22 ಇಂಚಿನೊಳಗೆ ಇರಲಿ. ಮ್ಯಾಗ್ನಮ್‌ಗಳ 24, 26 ಇಂಚಿನ ನಳಿಗೆ ವೈನ್ ಮೇಪಲ್‌ನ ಬಳುಕು ಕೊಂಬೆಗಳಿಗೆ ಹೆಜ್ಜೆಹೆಜ್ಜೆಗೂ ಸಿಕ್ಕಿಕೊಳ್ಳುತ್ತದೆ. ತೋಟಾ ಏರಿಸುವ ಬಗೆ ಬೋಲ್ಟ್, ಲಿವರ್, ಪಂಪ್ ಯಾವುದಾದರೂ ಸರಿ, ಕೈಗೆ ಪಳಗಿರಬೇಕು. ಸ್ಕೋಪ್ ಕನಿಷ್ಠ ಶಕ್ತಿ ಒಂದರಿಂದ ಎರಡರವರೆಗೆ ಇಳಿಯುವಂಥದ್ದಾಗಿರಲಿ. ಒಂಬತ್ತು ಪಟ್ಟು ಹಿಗ್ಗಿಸಿದ ಸ್ಕೋಪಿನಲ್ಲಿ ನೂರು ಗಜದಲ್ಲಿ ಕಾಣುವ ಅಗಲ ಸುಮಾರು 14 ಅಡಿ, ಮೂರು ಪಟ್ಟಿನಲ್ಲಿ ಸುಮಾರು 33 ಅಡಿ, ಒಂದರಲ್ಲಿ ನೂರರ ಹತ್ತಿರ. ಮೂವತ್ತು ಗಜದಲ್ಲಿ ಒಂಬತ್ತು ಪಟ್ಟು ಹಿಗ್ಗಿಸಿ ನೋಡಿದರೆ ಕಂದು ಕೂದಲು ಬಿಟ್ಟು ಬೇರೇನೂ ಕಾಣದು, ಅದು ಹೆಗಲೋ ತೊಡೆಯೋ ತಿಳಿಯದು. ಕಾಡಿಗೆ ಕಾಲಿಡುವಾಗ ಶಕ್ತಿಯನ್ನು ಅತಿ ಕಡಿಮೆಗೆ ತಿರುಗಿಸಿ ಹಾಗೇ ಬಿಡಿ. ಮಳೆಗಾಲದ ಕಾಡಿಗೆ ಮುಚ್ಚಳವಿರುವ ಸ್ಕೋಪ್ ಬೇಕು. ನಳಿಗೆಯ ಬಾಯಿಗೆ ಒಂದು ಸುತ್ತು ಎಲೆಕ್ಟ್ರಿಕ್ ಟೇಪ್ ಅಂಟಿಸಿದರೆ ನೀರೂ ಫರ್ ಎಲೆಯ ಸೂಜಿಗಳೂ ಒಳಹೋಗುವುದಿಲ್ಲ.

ಎಂಟನೆಯ ಹೆಜ್ಜೆ: ಗುರಿ ಕೂರಿಸಿ, ನಿಂತು ಅಭ್ಯಾಸ ಮಾಡಿ

ಬೇಟೆಗೆ ಒಯ್ಯುವ ತೋಟಾದಿಂದಲೇ ಗುರಿ ಕೂರಿಸಬೇಕು. ಬ್ರ್ಯಾಂಡ್ ಅಥವಾ ತೂಕ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ನೂರು ಗಜಕ್ಕೆ ನೇರ ಗುರಿ ಕೂರಿಸಿದ .308, 180 ಗ್ರೇನ್ ಗುಂಡಿನೊಂದಿಗೆ, ಇನ್ನೂರು ಗಜದಲ್ಲಿ ನಾಲ್ಕು ಇಂಚಿನಷ್ಟು ಕೆಳಗೆ ಹೊಡೆಯುತ್ತದೆ. ಕಾಡಿನೊಳಗೆ ಯಾವ ಲೆಕ್ಕಾಚಾರವೂ ಬೇಡದಂತೆ ಇದೇ ಸಾಕು.

ಆಮೇಲೆ ಮೇಜು ಬಿಟ್ಟು ಎದ್ದು ನಿಲ್ಲಿ. ಊಟದ ಕಾಗದದ ತಟ್ಟೆಯನ್ನು ಐವತ್ತು ಗಜದಲ್ಲಿ ನಿಲ್ಲಿಸಿ, ರೈಫಲನ್ನು ಸೊಂಟದ ಹತ್ತಿರ ಹಿಡಿದು ನಿಂತು, ಗೆಳೆಯ ಹೇಳಿದ ಕೂಡಲೇ ಎತ್ತಿ ನಾಲ್ಕು ಸೆಕೆಂಡಿನೊಳಗೆ ಹೊಡೆಯಿರಿ. ಹತ್ತರಲ್ಲಿ ಒಂಬತ್ತು ತಟ್ಟೆಯೊಳಗೆ ಬೀಳುವವರೆಗೆ ಕ್ಯಾಲಿಬರ್ ಬದಲಿಸುವ ಯೋಚನೆಯನ್ನು ಬದಿಗಿಡಿ. ಪ್ರತಿ ಈಡಿನ ನಂತರ ಹೆಗಲಿನಿಂದ ಇಳಿಸದೆಯೇ ಮುಂದಿನ ತೋಟಾ ಚೇಂಬರಿಗೆ ಏರಿಸುವುದನ್ನು ಅಭ್ಯಾಸ ಮಾಡಿ. ಕಾಡಿನಲ್ಲಿ ಏಟು ಬಿದ್ದ ಎಲ್ಕ್ ನಿಂತಲ್ಲೇ ನಿಂತಿದ್ದರೆ, ಮತ್ತು ಕಿಂಡಿ ಇನ್ನೂ ತೆರೆದಿದ್ದರೆ, ಎರಡನೆಯ ಈಡು ಮಾಡಲು ಹಿಂಜರಿಯಬೇಡಿ. ಮನೆಯಲ್ಲಿ ಖಾಲಿ ರೈಫಲನ್ನು ಎರಡು ಸಲ ಪರೀಕ್ಷಿಸಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ದಿನಕ್ಕೆ ಹತ್ತು ನಿಮಿಷ ಎತ್ತಿ ಗುರಿ ಹಿಡಿಯುವುದರಿಂದ ಬರುವ ಸಲೀಸು ಯಾವ ಹೊಸ ರೈಫಲಿನಿಂದಲೂ ಬರುವುದಿಲ್ಲ.

ಈಡಿನ ಹಿಂದೆ ಏನಿದೆ ಎಂಬುದು ಕಾಡಿನಲ್ಲಿ ಕಾಣುವುದಿಲ್ಲ. ಎಲ್ಕ್‌ನ ಎದೆಯನ್ನು ದಾಟಿ ಹೊರಬೀಳುವ ಗುಂಡು ಬೇಕು ಎಂದು ನಾನೇ ಹೇಳಿದ್ದೇನೆ; ಆ ಗುಂಡು ಆಮೇಲೂ ಹೋಗುತ್ತಿರುತ್ತದೆ. ಹಿಂದೆ ಮಣ್ಣಿನ ದಿಬ್ಬ ಅಥವಾ ಏರು ಇಳಿಜಾರು ಇರುವ ಜಾಗದಲ್ಲಿ ಮಾತ್ರ ಹೊಡೆಯಿರಿ. ಸದ್ದಿಗೆ, ಅಲುಗಾಟಕ್ಕೆ, ಬಣ್ಣದ ತುಣುಕಿಗೆ ಎಂದೂ ಹೊಡೆಯಬೇಡಿ. ಕೊಲೊರಾಡೊದಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ, ಅದೇ ಬಣ್ಣದ ಟೋಪಿ ಕಡ್ಡಾಯ. ಕಡ್ಡಾಯವಿಲ್ಲದ ಕಡೆಯೂ ತೊಟ್ಟುಕೊಳ್ಳಿ.

ಈಡಾದ ಮೇಲೆ

ಗುಂಡು ಬಿದ್ದಾಗ ಪ್ರಾಣಿ ನಿಂತಿದ್ದ ಜಾಗವನ್ನು ಒಂದು ಮರದ ಗುರುತಿನಿಂದ ನೆನಪಿಟ್ಟುಕೊಂಡು, ನೀವು ನಿಂತ ಜಾಗಕ್ಕೆ ಬಣ್ಣದ ಪಟ್ಟಿ ಕಟ್ಟಿ, ಸದ್ದಿಲ್ಲದೆ ಅರ್ಧ ಗಂಟೆ ಕೂತುಕೊಳ್ಳಿ. ಏಟಾದ ಎಲ್ಕ್ ಬೆನ್ನಟ್ಟುವವರಿಲ್ಲದಿದ್ದರೆ ಹತ್ತಿರದಲ್ಲೇ ಮಲಗುತ್ತದೆ. ಆಮೇಲೆ ಹೋಗಿ ನೋಡಿ: ನೊರೆ ಬೆರೆತ ತಿಳಿ ಕೆಂಪು ರಕ್ತವಾದರೆ ಶ್ವಾಸಕೋಶ, ಪ್ರಾಣಿ ದೂರ ಹೋಗಿರುವುದಿಲ್ಲ. ಹಸಿರು ರಸ ಬೆರೆತಿದ್ದರೆ ಹೊಟ್ಟೆ. ಮಳೆಯ ಭಯವಿಲ್ಲದಿದ್ದರೆ ಹಲವು ಗಂಟೆ ಕಾದು, ಆಮೇಲೆ ಮಂಡಿಯೂರಿ, ಒಂದೊಂದು ಎಲೆಯ ಅಡಿಯನ್ನೂ ನೋಡುತ್ತ, ಕೊನೆಯ ಹನಿ ಕಂಡ ಕಡೆಯಲ್ಲೆಲ್ಲ ಪಟ್ಟಿ ಕಟ್ಟುತ್ತ ಮುಂದೆ ಹೋಗಿ. ಪ್ರಾಣಿ ಸಿಕ್ಕ ಮೇಲೆ ಟ್ಯಾಗ್ ಕಟ್ಟಿ, ಚರ್ಮ ಸುಲಿಯುವಾಗ ಗುಂಡು ಹೋದ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಿ ನೋಡಿ, ಎಲ್ಲಿ ಹೊಕ್ಕಿತು, ಯಾವ ಎಲುಬನ್ನು ಮುರಿಯಿತು, ಎಲ್ಲಿ ನಿಂತಿತು ಅಥವಾ ಎಷ್ಟು ದೊಡ್ಡ ತೂತು ಮಾಡಿ ಹೊರಬಿದ್ದಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ತೋಟಾ ಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಉತ್ತರ ಆ ಪುಟದಲ್ಲಿರುತ್ತದೆ.